ಒಂದು ಮದುವೆ ಮುಗಿಯುವ ತನಕವೂ ನಿಲ್ಲದ ಸ್ಟ್ಯಾಂಡ್ ಕುರಿತು

ಸಂಘಗಳಿಗೆ ಸಾಮಗ್ರಿ ಮಂಜೂರು ಮಾಡುವ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನೀವು ಕೊಟ್ಟ ಸ್ಟ್ಯಾಂಡು ಮುರಿದಿದೆ. ಇದು ಎರಡನೆಯದು. ಮೊದಲನೆಯದು ಮುರಿದಾಗ ಬಾಯಿ ಮುಚ್ಚಿಕೊಂಡಿದ್ದೆ. ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ, ಏಕೆಂದರೆ ಬೂದಿಗೆರೆ ಬ್ಯಾಂಡಿನ ಬೈರೇಶನಿಗೆ ನೀವೇ ಕೊಟ್ಟ ಸ್ಟ್ಯಾಂಡನ್ನು ಕಣ್ಣಾರೆ ನೋಡಿ ಬಂದಿದ್ದೇನೆ. ದಪ್ಪ ಕಬ್ಬಿಣದ ಕಾಲುಗಳು, ಅಡಿಗೆ ರಬ್ಬರು, ಬಿಗಿಯಲು ಉಕ್ಕಿನ ತಿರುಪು. ಆ ಪುಣ್ಯಾತ್ಮ ಅದರ ಮೇಲೆ ವಾದ್ಯ ನಿಲ್ಲಿಸಿ ಟೀ ಕುಡಿಯಲು ಹೋಗುತ್ತಾನೆ ಸ್ವಾಮಿ! ನನಗೆ ಹೊಟ್ಟೆ ಉರಿಯಿತು. ಇದಕ್ಕೆ ಸಭ್ಯವಾದ ಪದ ಹುಡುಕುವ ತಾಳ್ಮೆ ನನಗಿಲ್ಲ. ನಮಗೆ ಕೊಟ್ಟಿದ್ದಕ್ಕೆ ಮಾತ್ರ ಪೊರಕೆ ಕಡ್ಡಿಯಂಥ ಕಾಲು, ಪ್ಲಾಸ್ಟಿಕ್ ತಿರುಪು ಯಾಕೆ? ಹೆಂಗಸರು ಊದಿದರೆ ವಾದ್ಯದ ತೂಕ ಕಡಿಮೆಯಾಗುತ್ತದೆಂದು ನಿಮಗೆ ಯಾರು ಹೇಳಿದರು?

ರಾಜಘಟ್ಟದ ಪಕ್ಕದ ನಮ್ಮೂರಿನ ಮಹಿಳಾ ಬ್ಯಾಂಡ್‌ಸೆಟ್ಟಿನಲ್ಲಿ ನಾನು ಬಾಸ್ ಊದುವವಳು. ಬಾಸ್ ಎಂದರೆ ಬ್ಯಾಂಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಹಿತ್ತಾಳೆ ವಾದ್ಯ. ಮಡಿಲಲ್ಲಿಟ್ಟುಕೊಂಡರೆ ವರ್ಷ ತುಂಬಿದ ಮಗುವಿನಷ್ಟು ಭಾರ. ಅದನ್ನು ಹೊತ್ತು ಹೊತ್ತು ನನ್ನ ಬೆನ್ನಿನ ಡಿಸ್ಕ್ ಜಾರಿತು. "ಊದಿ, ಬೇಡ ಅನ್ನಲ್ಲ. ಭಾರ ಎತ್ತಿದ್ರೆ ಮಾತ್ರ ಆಪರೇಷನ್ನೇ," ಎಂದರು ಡಾಕ್ಟರು. ಅಂದಿನಿಂದ ಭಾರವನ್ನು ಸ್ಟ್ಯಾಂಡು ಹೊರಬೇಕು, ಉಸಿರನ್ನು ನಾನು ಕೊಡಬೇಕು. ಸ್ಟ್ಯಾಂಡು ನಿಂತರೆ ಬ್ಯಾಂಡಿನಲ್ಲಿ ನನಗೆ ಜಾಗ ಉಂಟು, ಇಲ್ಲದಿದ್ದರೆ ಇಲ್ಲ.

ದೊಡ್ಡಬಳ್ಳಾಪುರದ ಛತ್ರವೊಂದರ ಬಾಗಿಲಲ್ಲಿ ವರನನ್ನು ಎದುರುಗೊಳ್ಳುವಾಗ ನಿಮ್ಮ ಎರಡನೆಯ ಸ್ಟ್ಯಾಂಡಿನ ಪ್ಲಾಸ್ಟಿಕ್ ತಿರುಪು ಟಪ್ಪೆಂದು ಹಾರಿತು. ಬಾಸ್ ಉರುಳಿ ನೇರ ವರನ ಕಾಲಬುಡಕ್ಕೆ ಹೋಯಿತು. "ಅಯ್ಯೋ, ಗಂಡು ಬಂದ್ ತಕ್ಷಣ ಇದೇನಮ್ಮಾ ಬೀಳಿಸ್ಬಿಟ್ರಿ!" ಎಂದು ವರನ ಸೋದರತ್ತೆ ಎದೆ ಹಿಡಿದುಕೊಂಡರು. ವಾದ್ಯದ ಬಾಯಿ ಸೊಟ್ಟಗಾಯಿತು, ನನ್ನ ಮುಖ ಅದಕ್ಕಿಂತ ಸೊಟ್ಟಗಾಯಿತು.

ಆಮೇಲೆ ನಮ್ಮ ಬ್ಯಾಂಡಿನ ಮುಖ್ಯಸ್ಥೆ ಗಂಗಲಕ್ಷ್ಮಮ್ಮನವರು "ಗಟ್ಟಿಮುಟ್ಟಾದ ಬಾಸ್ ಸ್ಟ್ಯಾಂಡ್ ದಯಪಾಲಿಸಬೇಕು" ಎಂದು ನಿಮಗೆ ಅರ್ಜಿ ಕೊಟ್ಟರು. ಕೆಲವು ದಿನಗಳಲ್ಲೇ ನಿಮ್ಮ ಕಡೆಯ ಇಂಜಿನಿಯರು ಟೇಪು ಹಿಡಿದುಕೊಂಡು ಬಂದಾಗ ನನಗೆ ಕಣ್ಣು ತುಂಬಿ ಬಂತು. ಒಂದು ಸ್ಟ್ಯಾಂಡಿಗೆ ಇಂಜಿನಿಯರು! ಬೈರೇಶನಿಗೂ ಈ ಭಾಗ್ಯ ಇರಲಿಲ್ಲ.

"ಸ್ಟ್ಯಾಂಡ್ ಎಲ್ಲಿಗಮ್ಮಾ ಬೇಕು?" ಎಂದರು.

"ನಾವು ಪ್ರಾಕ್ಟೀಸ್ ಮಾಡೋ ಮರದ ಹತ್ರಾನೇ ತಂದ್ಕೊಡಿ ಸಾರ್," ಎಂದೆ.

"ಎಷ್ಟು ಜನ ಕೂರ್ತೀರಿ?"

"ನಾನೊಬ್ಳೇ ಸಾರ್."

ಅವರು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ಒಬ್ರಿಗೋಸ್ಕರಾನಾ?"

"ಹೂಂ ಸಾರ್. ಭಾರ ತಡೀಬೇಕು, ಅಲ್ಲಾಡ್ಬಾರ್ದು, ಅಷ್ಟೇ."

"ಅದ್ರ ಬಗ್ಗೆ ಯೋಚ್ನೆ ಬೇಡ. ನಿಮ್ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ."

ಅವರು ಸುಳ್ಳು ಹೇಳಲಿಲ್ಲ. ಮರದ ಕೆಳಗೆ ಗುಂಡಿ ತೋಡಿ, ಕಾಂಕ್ರೀಟು ಸುರಿದು, ನಾಲ್ಕು ಉಕ್ಕಿನ ಕಂಬ ನಿಲ್ಲಿಸಿ, ಮೇಲೆ ಶೀಟು ಹೊದಿಸಿ ಒಂದು ಬಸ್ ಸ್ಟ್ಯಾಂಡ್ ಕಟ್ಟಿ ಹೋದರು. "ಬಾಸ್" ಎಂಬುದರ ದೀರ್ಘವನ್ನು ನಿಮ್ಮ ಗುಮಾಸ್ತರು ಕಾಗುಣಿತದ ತಪ್ಪೆಂದು ತಿದ್ದಿದ್ದರಂತೆ. ಕನ್ನಡದ ಮೇಲೆ ಅಂಥ ಕಾಳಜಿಯುಳ್ಳವರಿಗೆ ನನ್ನ ನಮಸ್ಕಾರ ತಿಳಿಸಿ. ಆ ದಾರಿಯಲ್ಲಿ ಬಸ್ಸೇ ಓಡಾಡುವುದಿಲ್ಲ ಎಂಬುದನ್ನೂ ತಿಳಿಸಿ. ಬಸ್ ಸ್ಟ್ಯಾಂಡಿನ ಕಂಬ ನೋಡಿ ಹೊಟ್ಟೆಕಿಚ್ಚು ಪಟ್ಟ ಹೆಂಗಸು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಆ ಉಕ್ಕಿನಲ್ಲಿ ಒಂದು ಮೊಳ ನನ್ನ ಸ್ಟ್ಯಾಂಡಿಗೆ ಹಾಕಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಇಷ್ಟರಲ್ಲಿ ನನ್ನ ಬಾಸ್ ಬೇರೆಯವರ ಹೆಗಲೇರಿದೆ. ಸಿಂಚನ ಎಂಬ ಹುಡುಗಿ, ಕಾಲೇಜಿನಲ್ಲಿ ಕಬಡ್ಡಿ ಆಡಿದವಳು. ಸ್ಟ್ಯಾಂಡು ಗೀಂಡು ಯಾವುದೂ ಬೇಡ ಅವಳಿಗೆ. ಬಿಂದಿಗೆ ಎತ್ತಿದ ಹಾಗೆ ಎತ್ತಿಕೊಂಡು ನಿಂತೇ ಊದುತ್ತಾಳೆ. ನನ್ನ ಕೈಗೆ ತಾಳ ಕೊಟ್ಟು ಕೂರಿಸಿದ್ದಾರೆ. ಮೊನ್ನೆ ಅವಳು ಬಂದು, "ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಜಾಗ ನಿಮ್ದೇ. ಸ್ಟ್ಯಾಂಡ್ ಬಂದ್ ದಿನಾನೇ ಬಿಟ್ಕೊಟ್ಬಿಡ್ತೀನಿ," ಎಂದಳು. ಒಳ್ಳೆಯ ಹುಡುಗಿ. ಅವಳು ಅಷ್ಟು ಒಳ್ಳೆಯವಳಾಗಿರುವುದೂ ನನಗೆ ಸಹಿಸಲಾಗುತ್ತಿಲ್ಲ. ಶ್ರುತಿ ತಪ್ಪಲಿ, ಉಸಿರು ಸಾಲದೆ ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡು ತಾಳ ಹಾಕುತ್ತೇನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಕಬ್ಬಿಣದ ಕಾಲಿನ, ಉಕ್ಕಿನ ತಿರುಪಿನ, ಭಾರಕ್ಕೆ ಬಾಗದ ಒಂದು ಸ್ಟ್ಯಾಂಡನ್ನು ಈ ತಿಂಗಳೊಳಗೆ ಕಳಿಸಿಕೊಡಿ. ಕಳಿಸುವ ಮುನ್ನ ಅದರ ಮೇಲೆ ನೀವೇ ಒಮ್ಮೆ ಭಾರ ಬಿಟ್ಟು ನೋಡಿ. ಆದರೆ ತಡ ಮಾಡಬೇಡಿ. ಆ ಹುಡುಗಿ ದಿನದಿಂದ ದಿನಕ್ಕೆ ನನಗಿಂತ ಚೆನ್ನಾಗಿ ಊದುತ್ತಿದ್ದಾಳೆ, ಅದು ನನಗೊಬ್ಬಳಿಗೇ ಗೊತ್ತು. ಗಂಗಲಕ್ಷ್ಮಮ್ಮನವರ ಕಿವಿಗೆ ಇನ್ನೂ ಬಿದ್ದಿಲ್ಲ.

ಇಂತಿ,
ಸದ್ಯಕ್ಕೆ ತಾಳ ಹಾಕುತ್ತಿರುವ
ಆಶಾರಾಣಿ