ಎರಡಿಂಚಿನ ಸಂಕ

ಮೇ ೨೮, ಮಂಗಳವಾರ

ವಾಕಿಂಗ್. ಹಳ್ಳ ದಾಟುವ ಕಾಲುಸಂಕಕ್ಕೆ ಕಡೆಗೂ ಹೊಸ ಮತ್ತಿ ಮರದ ಅಡ್ಡಹಲಗೆಗಳು. ಪೂರ್ತಿ ಎರಡಿಂಚು ದಪ್ಪ, ಕೀಸುಳಿ ಮುಟ್ಟಿಸದ ಒರಟು ಹಲಗೆ ಹಾಕಬೇಕೆಂದು ಊರ ಸಭೆಯಲ್ಲಿ ಆದ ಠರಾವು. ಟೇಪ್ ಹಿಡಿದೆ. ಒಂದೂಮುಕ್ಕಾಲು! ಮೇಲ್ಮೈ ಊಟದ ಮೇಜಿನಷ್ಟು ನುಣುಪು.

ಸಂಕದ ಕಮಿಟಿ ಅಧ್ಯಕ್ಷ ನಾಗಪತಿ ನಕ್ಕ. "ಮಾವ, ಎರಡಿಂಚು ಅಂದ್ರೆ ಮಿಲ್ಲಲ್ಲಿ ಕೊಯ್ದಾಗಿನ ದಪ್ಪ. ಕೀಸಿದ ಮೇಲೂ ಹೆಸರು ಅದೇಯ. ನಿಂಗ ತಲೆ ಬೋಳಿಸಿಕ್ಯಂಡ್ರೆ ಹೆಸರು ಬದಲಾಗ್ತ?"

"ಕೀಸಲೆ ಹೇಳಿದ್ದು ಯಾರು?"

"ಉದ್ಘಾಟನೆಗೆ ಬಪ್ಪವು ಬರಿಗಾಲಲ್ಲಿ ನಡೀತ್ವಡ. ಸಿಬ್ರು ಚುಚ್ಚಿರೆ?"

ಮಿಲ್ಲಿನ ಲೆಕ್ಕ ನನಗೂ ಗೊತ್ತು. ಇಂಚಿಗೆ ಎಂಟು ನೂಲು. ಎರಡು ನೂಲು ಕೀಸುಳಿಗೆ ಹೋಗುತ್ತದೆ. ಬಾಗಿಲಿಗಾದರೆ ಸರಿ. ಸಂಕಕ್ಕೆ? ಮಳೆಯಲ್ಲಿ ಕಾಲಿಗೆ ಹಿಡಿತ ಕೊಡುವುದೇ ಗರಗಸದ ಗೀರು. ತೊಂಬತ್ತನಾಲ್ಕರಲ್ಲಿ, ಹಲಗೆ ಸವೆದು ನುಣುಪಾದಾಗ, ಪೋಸ್ಟ್‌ಮನ್ ಇಲ್ಲೇ ಬಿದ್ದಿದ್ದ. ಯಾರಿಗೂ ನೆನಪಿಲ್ಲ. ನನಗಿದೆ.

ಜೂನ್ ೯, ಭಾನುವಾರ

ಉದ್ಘಾಟನೆ. ಅತಿಥಿ ಶೂ ಬಿಚ್ಚಲೇ ಇಲ್ಲ.

ಜೂನ್ ೧೪, ಶುಕ್ರವಾರ

ಶಾರದವ್ವ ಜಾರಿಬಿದ್ದಳು. ಅಂಗನವಾಡಿ ಸಹಾಯಕಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎತ್ತಿ ದಾಟಿಸುವವಳು. ಪುಣ್ಯಕ್ಕೆ ಕಂಕುಳಲ್ಲಿ ಮಗುವಿರಲಿಲ್ಲ. ಶಿರಸಿಗೆ ಒಯ್ದು ಕೈಗೆ ಪ್ಲಾಸ್ಟರ್ ಹಾಕಿಸಿದೆವು.

"ಅವಳ ಚಪ್ಪಲಿ ಸರಿ ಇಲ್ಲೆ" — ನಾಗಪತಿ.

ಥೂ!

ಶಾರದವ್ವನಿಗೆ ಬೇರೆಯೇ ಚಿಂತೆ. "ಸೋಮವಾರ ಹುಡುಗ್ರು ಬರ್ತಾವ್ರಿ ಅಣ್ಣಾರ. ಒಂದ ಕೈಲೆ ಹೆಂಗ ದಾಟಿಸ್ಲಿ?"

ಜೂನ್ ೧೬, ಭಾನುವಾರ, ಬೆಳಿಗ್ಗೆ

ಹಳ್ಳಕ್ಕಿಳಿದು ಸಂಕವನ್ನು ಅಡಿಯಿಂದ ನೋಡಿದೆ. ಕೆಳಮುಖ ಒರಟಾಗಿಯೇ ಇದೆ! ಅತಿಥಿಗೆ ಕಾಣುವ ಮುಖ ಮಾತ್ರ ಕೀಸಿದ್ದಾರೆ, ಕಳ್ಳರು. ಹೋದ ಎರಡು ನೂಲು ಬಾರದು. ಆದರೆ ಬೋಲ್ಟ್ ಬಿಚ್ಚಿ ಹಲಗೆ ಮಗುಚಿದರೆ ಕಾಲಾದರೂ ನಿಲ್ಲುತ್ತದೆ. ಇವತ್ತೇ ಆಗಬೇಕು.

"ಊರ ಉಸಾಬರಿ ಎಂತಕ್ಕೆ, ಈ ವಯಸ್ಸಲ್ಲಿ?" ಎನ್ನುತ್ತಲೇ ಹೆಂಡತಿ ಪರಿಮಳಾ ಸ್ಪ್ಯಾನರ್ ಹುಡುಕಿ ಕೊಟ್ಟಳು.

ಅದೇ ದಿನ, ಸಂಜೆ

ಈ ದಡದ ಕಡೆಯ ಅರ್ಧ ಹಲಗೆಗಳನ್ನು ಮಗುಚಿಯಾಗಿತ್ತು. ಆ ದಡದಲ್ಲಿ ನಾಗಪತಿ ಕಾಣಿಸಿಕೊಂಡ. "ಯಾರನ್ನ ಕೇಳಿ ಬಿಚ್ಚಿದ್ದು, ಮಾವ?" — ಕೂಗುತ್ತ ಓಡಿ ಬಂದ. ಅವನ ಕಾಲಡಿ ಇನ್ನೂ ನುಣುಪು ಹಲಗೆ. ಮೇಲೆ ಆಗಷ್ಟೇ ಬಿದ್ದ ಮಳೆ.

"ನಿಧಾನ್ರೀ, ಜಾರತೈತಿ!" — ಕೂಗಿದ್ದು ನನ್ನ ಪಕ್ಕದಲ್ಲಿ ಕೂತಿದ್ದ ಶಾರದವ್ವ. ಕೈ ಮುರಿದುಕೊಂಡವಳು. ನಾನಲ್ಲ.

ನಾನೂ ಕೂಗಬಹುದಿತ್ತು. ಸ್ಪ್ಯಾನರ್ ಹಿಡಿದು ಅವನ ಕಾಲನ್ನೇ ನೋಡುತ್ತ ನಿಂತಿದ್ದೆ. ನಡುಸಂಕದವರೆಗೂ ಬಂದ. ಒರಟು ಹಲಗೆಗೆ ಒಂದೇ ಹೆಜ್ಜೆ ಇದ್ದಾಗ ಜಾರಿಬಿದ್ದ.