ಅಂಗಡಿಗೆ ಎರಡು ಬೀಗ

ಮನೆಯಿಂದ, ಭಾನುವಾರ ಮಧ್ಯಾಹ್ನ

ನನ್ನ ಚಿಕ್ಕವನೇ,

ಹೇಗಿದ್ದೀಯ ಮಗನೇ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಮೈಯೆಲ್ಲ ಬೆವರುಸಾಲೆ ಎದ್ದಿದೆ ಎಂದಿದ್ದೆಯಲ್ಲ, ಕಡಿಮೆಯಾಯಿತೇ? ನನ್ನ ಮಂಡಿ ಹಾಗೇ ಇದೆ, ಅದರ ಚಿಂತೆ ಬಿಡು.

ಇಲ್ಲಿಯ ಸುದ್ದಿ ಬರೆಯಲು ಕೈ ಬರುತ್ತಿಲ್ಲ. ಆದರೂ ಬೇರೆಯವರ ಬಾಯಿಂದ ನೀನು ಕೇಳುವುದು ಬೇಡ. ನಿಮ್ಮಪ್ಪ ಹೋದ ದುಃಖವೇ ಇನ್ನೂ ಆರಿಲ್ಲ, ಅಷ್ಟರಲ್ಲಿ ಅವರ ಹೊಲಿಗೆ ಅಂಗಡಿಗೆ ನಿನ್ನ ದೊಡ್ಡಣ್ಣ ಬೀಗ ಜಡಿದ. ಮಾರನೆಯ ದಿನ ನಡುವಿನವನು ಹೋಗಿ ಅದರ ಪಕ್ಕದಲ್ಲೇ ತನ್ನದೊಂದು ಬೀಗ ಹಾಕಿದ. ಅಪ್ಪನ ಜೊತೆ ಕೂತು ಇಷ್ಟು ವರ್ಷ ಹೊಲಿದ ನಿನ್ನ ಅಕ್ಕನ ಕೈಯಲ್ಲಿ ಒಂದು ಕೀಲಿಯೂ ಇಲ್ಲ. ಗಿರಾಕಿಗಳ ಬಟ್ಟೆಯೆಲ್ಲ ಒಳಗೇ ಉಳಿದಿದೆ. ಮೊನ್ನೆ ನರ್ಸಮ್ಮ ನಮ್ಮ ಮನೆ ಬಾಗಿಲಲ್ಲೇ ನಿಂತು, "ನನ್ನ ಯೂನಿಫಾರಂ ಅಂಗಡಿಯೊಳಗಿದೆ, ಡ್ಯೂಟಿಗೆ ಏನು ಹಾಕ್ಕೊಂಡು ಹೋಗ್ಲಿ, ನೀವೇ ಹೇಳಿ" ಎಂದಳು. ನಿನ್ನ ಅಕ್ಕ ತಲೆ ತಗ್ಗಿಸಿ ಒಳಗೆ ಹೋದಳು.

ಇಬ್ಬರನ್ನೂ ಕೂರಿಸಿ ಕೇಳಿದೆ. "ಅಂಗಡಿ ನಿನಗೇ ಅಂತ ಅಪ್ಪ ನನ್ನ ಕೈ ಹಿಡ್ಕೊಂಡು ಹೇಳಿದ್ರು" ಅನ್ನುತ್ತಾನೆ ದೊಡ್ಡವನು. ನಡುವಿನವನೂ ಅದನ್ನೇ ಅನ್ನುತ್ತಾನೆ, ಒಂದಕ್ಷರ ಆಚೀಚೆ ಇಲ್ಲ. ಯಾರೂ ಸುಳ್ಳು ಹೇಳುತ್ತಿಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ನಿಮ್ಮಪ್ಪ ಎದುರಿಗೆ ಕೂತವರ ಮನಸ್ಸು ಎಂದೂ ನೋಯಿಸಿದವರಲ್ಲ. ನಿನ್ನ ಅಕ್ಕನಿಗೂ ಅದನ್ನೇ ಹೇಳಿದ್ದರಂತೆ. ಉಯಿಲು ಬರೆಯಿರಿ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. "ನನ್ನ ಮಕ್ಕಳು ಅಪರಂಜಿ ಕಣೇ, ಅವರಿಗ್ಯಾಕೆ ಕಾಗದ?" ಎಂದು ನಕ್ಕುಬಿಡುತ್ತಿದ್ದರು. ಊರಿನವರ ತೋಳು, ಸೊಂಟ ಎಲ್ಲವನ್ನೂ ಕೂದಲೆಳೆಯಷ್ಟೂ ತಪ್ಪದಂತೆ ಅಳೆದು ಬರೆದಿಟ್ಟವರು ಸ್ವಂತ ಮಕ್ಕಳ ಪಾಲನ್ನು ಮಾತ್ರ ಬಾಯಿಮಾತಿಗೆ ಬಿಟ್ಟು ಹೋದರು.

ಈಗ ಅಪರಂಜಿಗಳಿಬ್ಬರೂ ವಕೀಲರ ಮನೆಗೆ ಎಡತಾಕುತ್ತಿದ್ದಾರೆ. ಸೊಸೆಯರು ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ. ಒಬ್ಬನ ಮನೆಯಲ್ಲಿ ನಾನು ಒಂದು ತುತ್ತು ಉಂಡರೆ ಇನ್ನೊಬ್ಬನಿಗೆ ಸಿಟ್ಟು. ಸತ್ತವರ ಮೇಲೆ ಕೋಪ ಮಾಡಿಕೊಳ್ಳಬಾರದಂತೆ. ನಾನು ಮಾಡಿಕೊಳ್ಳುತ್ತೇನೆ, ಆಮೇಲೆ ಅಳುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ತಣ್ಣಗಿರು ಕಂದ.

ನಿನ್ನ ಅಮ್ಮ

ಬರೆಯಲು ಮರೆತೆ: ಈ ಮನೆ ನನ್ನ ಹೆಸರಿನಲ್ಲಿದೆಯಲ್ಲ, ಶುಕ್ರವಾರ ಉಯಿಲು ಬರೆಸಿ ರಿಜಿಸ್ಟರ್ ಮಾಡಿಸಿ ಬಂದೆ. ನನ್ನ ನಂತರ ಮನೆ ನಿನ್ನ ಅಕ್ಕನಿಗೆ. ಅಣ್ಣಂದಿರಿಗೆ ಓದಿ ಹೇಳಿದೆ, ಕೂಗಾಡಿ ಹೋದರು. ನಿನಗೂ ಇದರಲ್ಲಿ ಪಾಲಿಲ್ಲ. ಜಗಳವಾಡುವುದಿದ್ದರೆ ರಜೆ ಹಾಕಿ ಬೇಗ ಬಂದು ನನ್ನ ಹತ್ತಿರ ಆಡು, ನಾನು ಹೋದಮೇಲೆ ಅವಳ ಹತ್ತಿರ ಅಲ್ಲ.