ಚೀಲದ ಬಾಯಿ, ಗಲ್ಲಿಯ ಬಾಯಿ

ಗುರುವಾರ, ಮಧ್ಯಾಹ್ನ
ಲಾಂಡ್ರಿ ಅಂಗಡಿಯಿಂದ

ಪ್ರೀತಿಯ ಗುಬ್ಬೀ,

ಅಮ್ಮನ ಆಶೀರ್ವಾದ ನಿನಗೂ, ನಿನ್ನ ಹೊಟ್ಟೆಯೊಳಗೆ ಮನೆ ಮಾಡಿಕೊಂಡಿರುವ ಪುಟ್ಟ ಬಾಡಿಗೆದಾರನಿಗೂ. ಒದೆತ ಜಾಸ್ತಿಯಾಗಿದೆಯಂತೆ, ನಿಮ್ಮತ್ತೆ ಹೇಳಿದರು. ಒದೆಯಲಿ ಬಿಡು, ನೀನೇನು ನನ್ನನ್ನು ಕಡಿಮೆ ಒದ್ದವಳಾ? ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡಿ ಅಂದಮೇಲೆ ಏಳಬೇಡ. ಕಿಟಕಿ ಒರೆಸಲಿಲ್ಲ, ಪಾತ್ರೆ ಹಾಗೇ ಬಿದ್ದಿದೆ ಅಂತ ಒದ್ದಾಡಬೇಡ. ಅಳಿಯಂದಿರಿಗೂ ಎರಡು ಕೈ ಇವೆ.

ದಿನಾ ಸಂಜೆ ಫೋನಿನಲ್ಲಿ ಹರಟುವವಳು ಈಗ ಕಾಗದ ಹಿಡಿದು ಕೂತಿದ್ದಾಳಲ್ಲ, ಯಾಕೆ ಅಂತ ನಿನಗೆ ಅನಿಸಿರುತ್ತದೆ. ನೀನು ಫೋನ್ ಮಾಡಿದಾಗಲೆಲ್ಲ ಅಪ್ಪ ಪಕ್ಕದಲ್ಲಿ ಬಂದು ಕೂರುತ್ತಾರೆ. ಸ್ಪೀಕರ್ ಹಾಕು ಅಂತ ಸನ್ನೆ ಮಾಡುತ್ತಾರೆ. ನಿನ್ನ ದನಿ ಅಷ್ಟೂ ಅವರಿಗೆ ಬೇಕು. ಹಾಗಾಗಿ ನನಗೆ ಹೇಳಬೇಕಾದ್ದು ಹೇಳಲು ಆಗುವುದೇ ಇಲ್ಲ. 'ಅಪ್ಪ ಹೇಗಿದ್ದಾರಮ್ಮಾ' ಅಂತ ನೀನು ಕೇಳುತ್ತೀಯ, 'ಗುಂಡುಕಲ್ಲಿನ ಹಾಗಿದ್ದಾರೆ' ಅಂತ ನಾನು ಹೇಳುತ್ತೇನೆ, ಅವರು ಪಕ್ಕದಲ್ಲಿ ತಲೆಯಾಡಿಸುತ್ತಾರೆ. ಇಲ್ಲಿ ಕೌಂಟರಿನಲ್ಲಿ ಮಧ್ಯಾಹ್ನ ಗಿರಾಕಿ ಕಡಿಮೆ. ಒಳಗೆ ಇಸ್ತ್ರಿಯವರು ರೇಡಿಯೋ ಹಾಕಿಕೊಂಡು ಅವರ ಪಾಡಿಗೆ ಅವರಿದ್ದಾರೆ. ನಿಧಾನವಾಗಿ ಬರೆಯುತ್ತೇನೆ, ನೀನೂ ನಿಧಾನವಾಗಿ ಓದು. ಮಲಗಿಕೊಂಡೇ ಓದು.

ಮೊದಲು ಒಳ್ಳೆಯ ಸುದ್ದಿ. ಅಪ್ಪನ ಫೋಟೋಗಳನ್ನು ಪ್ರದರ್ಶನಕ್ಕಿಟ್ಟಿದ್ದರು.

ನೀವಿಬ್ಬರೂ ಆ ಕ್ಯಾಮೆರಾ ತಂದುಕೊಟ್ಟಾಗ ನಾನು ಒಳಗೊಳಗೇ ಬೈದುಕೊಂಡಿದ್ದೆ. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗಿ ಜೀವನ ಮಾಡಿದ ಮನುಷ್ಯ. ಅವರು ಟೊಮೇಟೊಗೆ ಬೆಲೆ ಕೂಗಿದರೆ ಆಚೆ ರಸ್ತೆಯ ಬಸ್ಸಿನಲ್ಲಿ ಕೂತವರೂ ತಿರುಗಿ ನೋಡುತ್ತಿದ್ದರು. ಕ್ಯಾನ್ಸರ್ ಅಂತ ಅಂಥವರ ಗಂಟಲಿನಿಂದ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ ಮೇಲೆ ಒಂದು ಆಟದ ಸಾಮಾನು ಕೈಗೆ ಕೊಟ್ಟರೆ ಏನು ಬಂತು ಅಂದುಕೊಂಡಿದ್ದೆ. ನನ್ನ ಲೆಕ್ಕ ತಪ್ಪಾಗಿತ್ತು. ಗ್ರಂಥಾಲಯದ ಮಹಡಿಯಲ್ಲಿ ಹವ್ಯಾಸಿಗಳ ಕೂಟ ಸೇರಿದ ಮೇಲೆ ಅವರಿಗೆ ಮತ್ತೆ ಬೆಳಿಗ್ಗೆ ಏಳುವುದಕ್ಕೆ ಒಂದು ನೆಪ ಸಿಕ್ಕಿತು.

ಆ ಕೂಟದ ಪದ್ಧತಿ ನಿನಗೆ ಹೇಳಿದ್ದೆನೋ ಇಲ್ಲವೋ. ರಿಟೈರಾದ ಡ್ರಾಯಿಂಗ್ ಮೇಷ್ಟ್ರು ಅದನ್ನು ನಡೆಸುತ್ತಾರೆ. ಪ್ರತಿ ತಿಂಗಳು ಒಂದು ಪದ ಕೊಡುತ್ತಾರೆ. ಯಾರು ಏನನ್ನು ಬೇಕಾದರೂ ತೆಗೆಯಬಹುದು, ಆದರೆ ಎಲ್ಲದಕ್ಕೂ ಆ ಒಂದು ಪದ ಹೊಂದಬೇಕು. 'ಏಣಿ' ಅಂತ ಕೊಟ್ಟಾಗ ಔಷಧಿ ಅಂಗಡಿಯವರು ತಮ್ಮ ಹೆಂಡತಿಯ ಜಡೆಯ ಫೋಟೋ ತೆಗೆದುಕೊಂಡು ಬಂದಿದ್ದರಂತೆ. ಎಲ್ಲರೂ ನಕ್ಕರಂತೆ, ಆಮೇಲೆ ನೋಡಿದರೆ ನಿಜಕ್ಕೂ ಏಣಿಯ ಹಾಗೇ ಕಂಡಿತಂತೆ. ಇದನ್ನೆಲ್ಲ ಅಪ್ಪ ಸ್ಲೇಟಿನ ಮೇಲೆ ಬರೆದು, ಅಳಿಸಿ, ಮತ್ತೆ ಬರೆದು ನನಗೆ ಹೇಳುತ್ತಿದ್ದರು. ಅನ್ನ ಆರಿಹೋದರೂ ಕಥೆ ಮುಗಿಯುತ್ತಿರಲಿಲ್ಲ.

ಈ ಸಲ ಚೀಟಿ ಎತ್ತಿದಾಗ ಬಂದ ಪದ 'ಬಾಯಿ'.

ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿಬಿಟ್ಟು, ಆಮೇಲೆ ಅಪ್ಪನ ಮುಖ ನೋಡಿ ಕೆಂಪಾದರಂತೆ. ಬೇರೆ ಚೀಟಿ ಎತ್ತೋಣ, ಇದು ಅಷ್ಟು ಚೆನ್ನಾಗಿಲ್ಲ ಅಂತ ತಡವರಿಸಿದರಂತೆ. ಅಪ್ಪ ಮೇಜು ಕುಟ್ಟಿ, ಆ ಚೀಟಿಯನ್ನೇ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರಂತೆ. ಕೂಟದಲ್ಲಿ ಒಬ್ಬ ಹಲ್ಲಿನ ಡಾಕ್ಟರೂ ಇದ್ದಾರೆ. ಅವರಿಗಂತೂ ಈ ಸಲ ಕೂತಲ್ಲೇ ಸುಗ್ಗಿ ಅಂತ ಎಲ್ಲರೂ ರೇಗಿಸಿದ್ದೇ ರೇಗಿಸಿದ್ದು.

ಅಲ್ಲಿಂದ ಶುರುವಾಯಿತು ನೋಡು. ಹಳೆಯ ಮಾರುಕಟ್ಟೆಗೆ ಹೋಗಿ, ಬಿಚ್ಚಿದ ಆಲೂಗಡ್ಡೆ ಚೀಲದ ಬಾಯಿಯ ಫೋಟೋ ತೆಗೆದರು. ಚರಂಡಿಯ ಬಾಯಿ ತೆಗೆಯಲು ನೆಲಕ್ಕೆ ಮಂಡಿಯೂರಿ, ನಾನು ಇಸ್ತ್ರಿ ಮಾಡಿಸಿಕೊಟ್ಟ ಪ್ಯಾಂಟನ್ನು ಹಾಳು ಮಾಡಿಕೊಂಡರು. ಕುಲುಮೆಯ ಬಾಯಿ, ಟಪಾಲು ಡಬ್ಬಿಯ ಬಾಯಿ, ಸೋಲ್ ಕಿತ್ತು ಬಾಯಿ ಬಿಟ್ಟುಕೊಂಡ ಚಪ್ಪಲಿ. ನಮ್ಮ ಗಲ್ಲಿಯ ಬಾಯಿಯಲ್ಲಿ ನಿಂತು, ಆಚೆಯ ದೊಡ್ಡ ರಸ್ತೆಯ ಬೆಳಕು ಒಳಗೆ ಬೀಳುವುದನ್ನೂ ತೆಗೆದರು. ಕೆಳಗಿನ ಮನೆಯ ಮಗು ಆಕಳಿಸಲಿ ಅಂತ ಅದರ ತೊಟ್ಟಿಲ ಮುಂದೆ ಕಾದು ಕೂತರು. ಆ ತಾಯಿಗೂ ಸಾಕಾಗಿತ್ತು, ಆದರೆ ಅಪ್ಪನಿಗೆ ಯಾರು ಬೇಡವೆನ್ನುತ್ತಾರೆ.

ನಾನೂ ಖುಷಿಯಾಗಿದ್ದೆ ಗುಬ್ಬೀ. ನಿಜವಾಗಿ ಖುಷಿಯಾಗಿದ್ದೆ. ಅದಕ್ಕೇ ಇರಬೇಕು, ಬೇರೆ ಯಾವುದೂ ಕಣ್ಣಿಗೆ ಬೀಳಲಿಲ್ಲ.

ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ಮಾಡಿದ ತೂತಿಗೆ ಅಡ್ಡವಾಗಿ ಅವರು ಕಟ್ಟಿಕೊಳ್ಳುವ ಬಿಳಿ ಬಟ್ಟೆ ಗೊತ್ತಲ್ಲ, ನಾನೇ ಹೊಲಿದು ಕೊಟ್ಟಿದ್ದು. ಒಂದು ದಿನ ಅಂಥದ್ದೊಂದು ಬಚ್ಚಲಲ್ಲಿ ಒಗೆದು ಒಣಗಲು ಹಾಕಿದ್ದು ಕಂಡಿತು. ನನಗೆ ಆಶ್ಚರ್ಯವಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ತನ್ನ ಕರ್ಚೀಫನ್ನೂ ಒಗೆದುಕೊಂಡ ಗಂಡಸಲ್ಲ ನಿಮ್ಮಪ್ಪ. ಬೆಳಕಿಗೆ ಹಿಡಿದೆ. ಕಂದುಬಣ್ಣದ ಕಲೆ ಅಚ್ಚು ಹೊಡೆದ ಹಾಗೆ ಕೂತಿತ್ತು. ಬಿಸಿನೀರು ಹಾಕಿದ್ದಾರೆ, ಪಾಪ. ರಕ್ತದ ಕಲೆಗೆ ಬಿಸಿನೀರು ಹಾಕಿದರೆ ಅದು ಮತ್ತೆ ಬಿಡುವುದಿಲ್ಲ. ದಿನಾ ಬೇರೆಯವರ ಕಲೆ ನೋಡಿ ಚೀಟಿ ಹಚ್ಚುವವಳು ನಾನು. 

ಕೇಳಿದ್ದಕ್ಕೆ ಕ್ಷೌರ ಮಾಡಿಕೊಳ್ಳುವಾಗ ತಗುಲಿತು ಅಂತ ಬರೆದು ತೋರಿಸಿದರು. ಊಟಕ್ಕೆ ಕರೆದರೆ ಆಮೇಲೆ ಅಂತ ಸನ್ನೆ ಮಾಡುವುದು, ಗುಟುಕು ನೀರಿಗೂ ಕಣ್ಣು ಮುಚ್ಚಿ ನುಂಗುವುದು, ಇದೆಲ್ಲ ಆಮೇಲೆ ಒಂದೊಂದಾಗಿ ನೆನಪಾಯಿತು. ಕೈ ಹಿಡಿದು ಎಳೆದುಕೊಂಡೇ ಆಸ್ಪತ್ರೆಗೆ ಹೋದೆ. ಕ್ಯಾಮೆರಾ ಇಲ್ಲದೆ ಬರುವುದಿಲ್ಲ ಅಂತ ಹಟ. ಸರಿ, ಕುತ್ತಿಗೆಗೆ ನೇತುಹಾಕಿಕೊಂಡೇ ಬಂದರು.

ಪರೀಕ್ಷೆಗಳೆಲ್ಲ ಆಗಿ ನಮ್ಮನ್ನು ಒಳಗೆ ಕರೆದಾಗ ಡಾಕ್ಟರು ಅಪ್ಪನ ಜೊತೆ ಮಾತಾಡಲಿಲ್ಲ, ನನ್ನ ಜೊತೆ ಮಾತಾಡಿದರು. ಎಲ್ಲರೂ ಹಾಗೇ. ಬ್ಯಾಂಕಿನಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ, ಮಾತು ಬಾರದವರಿಗೆ ಕಿವಿಯೂ ಕೇಳಿಸುವುದಿಲ್ಲ ಅನ್ನುವ ಹಾಗೆ ನನ್ನ ಮುಖ ನೋಡುತ್ತಾರೆ. ಅದು ಮತ್ತೆ ಬಂದಿದೆ ಅಂದರು, ಮಗಳೇ. ಅನ್ನನಾಳದ ಕಡೆಗೂ ಹೋಗಿದೆ, ನಾಲಿಗೆಯ ಬುಡಕ್ಕೂ ಹೋಗಿದೆ. ಮತ್ತೆ ಆಪರೇಷನ್ ಮಾಡಬಹುದು. ನಾಲಿಗೆ ತೆಗೆಯಬೇಕಾಗುತ್ತದೆ, ಆಮೇಲೆ ಹೊಟ್ಟೆಗೆ ನಳಿಗೆ ಹಾಕಿ ಊಟ ಕೊಡಬೇಕು. ಉಳಿಯುತ್ತಾರೆ ಅಂತ ಭರವಸೆ ಕೊಡಲಾರೆ, ಪ್ರಯತ್ನ ಮಾಡಬಹುದು, ಅಷ್ಟೇ. ಮಾಡೋಣವಾ ಅಂತ ನನ್ನನ್ನು ಕೇಳಿದರು.

ನಾನು ತಡಮಾಡಲಿಲ್ಲ. ಮಾಡಿ ಡಾಕ್ಟ್ರೇ, ಏನು ಬೇಕಾದರೂ ಮಾಡಿ, ಅವರ ಒಪ್ಪಿಗೆ ಇದೆ ಅಂದೆ. ಅವರ ಕಡೆ ತಿರುಗಿಯೂ ನೋಡಲಿಲ್ಲ. ಬಾಯಿಗೆ ಬಂದದ್ದು ಅದೊಂದೇ. ಆಗ ಪಕ್ಕದಲ್ಲಿ ಕ್ಯಾಮೆರಾದ ಸದ್ದಾಯಿತು. ಇಂಥ ಹೊತ್ತಿನಲ್ಲೂ ಇವರಿಗೆ ಫೋಟೋ ಹುಚ್ಚು ಅಂತ ಸಿಟ್ಟು ಬಂತು. ತಿರುಗಿದರೆ ಅವರು ನನ್ನನ್ನೇ ನೋಡುತ್ತಿದ್ದರು. ತಲೆ ಅಲ್ಲಾಡಿಸಿದರು. ಬೇಡ ಅಂತ. ಡಾಕ್ಟರು ಅದನ್ನು ನೋಡಿದರೋ ಇಲ್ಲವೋ, ಬರೆದುಕೊಳ್ಳುತ್ತಿದ್ದರು.

ಮನೆಗೆ ಬಂದು ಜಗಳ ಆಡಿದೆ. ಜಗಳ ಅಂದರೇನು, ನಾನೊಬ್ಬಳೇ ಕಿರುಚಿದೆ. ಆ ಮನುಷ್ಯನ ಜೊತೆ ಹೇಗೆ ಜಗಳ ಆಡುವುದು ಹೇಳು? ಹಿಂದೆಲ್ಲ ನಾನೊಂದು ಅಂದರೆ ಅವರು ಹತ್ತು ಅನ್ನುತ್ತಿದ್ದರು, ಕೆಳಗಿನ ಮನೆಯವರು ಟೀವಿ ಸಣ್ಣ ಮಾಡಿ ಕೇಳುತ್ತಿದ್ದರು. ಈಗ ನಾನು ಅನ್ನುವುದೆಲ್ಲ ಅನ್ನುತ್ತೇನೆ, ಅವರು ಸ್ಲೇಟು ಕೈಗೆತ್ತಿಕೊಳ್ಳುತ್ತಾರೆ, ಆ ಬಳಪ ಕಿರಕಿರ ಅನ್ನುವಷ್ಟರಲ್ಲಿ ನನಗೆ ಅಳು ಬಂದಿರುತ್ತದೆ. ನಿನ್ನ ವಿಷಯ ಎತ್ತಿದೆ. ಮೊಮ್ಮಗು ನೋಡುವುದು ಬೇಡವಾ ಅಂದೆ. ಆ ಮಾತಿಗೆ ಅವರು ಎದ್ದು ಹೊರಗೆ ಹೋದರು. ಎಲ್ಲಿ ಹೋದರೋ, ಕತ್ತಲಾಗುವ ಹೊತ್ತಿಗೆ ಬಂದು ಮಲಗಿದರು. ಹಾಗೆ ಅಂದದ್ದಕ್ಕೆ ನನಗೇ ನಾಚಿಕೆಯಾಗಿತ್ತು.

ಪ್ರದರ್ಶನಕ್ಕೆ ನನ್ನನ್ನು ಕರೆದುಕೊಂಡು ಹೋದರು. ಗ್ರಂಥಾಲಯದ ಮಹಡಿಯಲ್ಲಿ ಗೋಡೆ ತುಂಬ ಫೋಟೋಗಳು. ಹಲ್ಲಿನ ಡಾಕ್ಟರು ಎಲ್ಲರೂ ಎಣಿಸಿದ್ದಕ್ಕೆ ವಿರುದ್ಧವಾಗಿ ಒಂದು ಗುಹೆಯ ಬಾಯಿ ತೆಗೆದಿದ್ದರು. ಜನ ಅಪ್ಪನ ಫೋಟೋಗಳ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಕೆಳಗೆ ಅವರೇ ಕೈಯಲ್ಲಿ ಬರೆದ ಚೀಟಿಗಳು. ಚೀಲದ ಬಾಯಿ. ಚರಂಡಿಯ ಬಾಯಿ. ಗಲ್ಲಿಯ ಬಾಯಿ. ಮಗುವಿನದೂ ಇತ್ತು, ಕೊನೆಗೂ ಆಕಳಿಸಿತ್ತು. ಮೇಷ್ಟ್ರು ನನ್ನ ಹತ್ತಿರ ಬಂದು, ನಿಮ್ಮ ಯಜಮಾನರ ಕಣ್ಣು ಭಾರಿ ಚೆನ್ನಾಗಿದೆ ತಾಯಿ ಅಂದರು.

ಕೊನೆಯದು ಒಬ್ಬ ಹೆಂಗಸಿನ ಬಾಯಿ. ಬರೀ ಬಾಯಿ, ಗಲ್ಲ, ಸ್ವಲ್ಪ ಕೆನ್ನೆ. ಮಾತಿನ ನಡುವೆ ತೆರೆದಿದೆ. ಪಕ್ಕದಲ್ಲಿ ಮಸುಕಾಗಿ ಬಿಳಿ ಕೋಟಿನ ತೋಳು. ಯಾರಪ್ಪಾ ಇದು, ತುಟಿ ಹೀಗೆ ಒಡೆದುಕೊಂಡಿದೆಯಲ್ಲ ಅಂದುಕೊಂಡೆ. ಆಮೇಲೆ ಗಲ್ಲದ ಮೇಲಿನ ಮಚ್ಚೆ ಕಾಣಿಸಿತು. ಕೆಳಗಿನ ಚೀಟಿಯಲ್ಲಿ 'ನನ್ನ ಬಾಯಿ' ಅಂತ ಬರೆದಿತ್ತು.

ಅಷ್ಟು ಜನರ ನಡುವೆ ನಾನು ಏನು ಮಾಡಬೇಕು? ಬಸ್ ಕಂಡಕ್ಟರ್ ಆಗಿರುವ ಒಬ್ಬಳು ಸದಸ್ಯೆ, ಎಷ್ಟು ಪ್ರೀತಿಯಿಂದ ತೆಗೆದಿದ್ದಾರೆ ಅಲ್ವಾ ಅಕ್ಕಾ ಅಂತ ನನ್ನ ಕೈ ಹಿಡಿದುಕೊಂಡಳು. ಪ್ರೀತಿಯೂ ಇತ್ತು. ಆದರೆ ಆ ಬಾಯಿ ಆಗ ಏನು ಹೇಳುತ್ತಿತ್ತು ಅಂತ ಆ ಕೋಣೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ದಾರಿಯಲ್ಲಿ ಬೆಂಚಿನ ಮೇಲೆ ಕೂತೆವು. ನಾನೇ ಕೇಳಿದೆ, ನನ್ನನ್ನು ಬೈದಿರಾ, ಹೊಗಳಿದಿರಾ ಅಂತ. ಅವರು ಸ್ಲೇಟು ತೆಗೆದು ಬರೆದರು: 'ನನಗೆ ಇರುವುದು ಅದೊಂದೇ ಬಾಯಿ. ಅದು ಒಂದು ಸಲ ನನ್ನ ಮಾತು ಹೇಳಲಿ.' ನಾನು ಓದಿದೆ. ಅಳಿಸಲು ಕೈ ಚಾಚಿದರು, ನಾನು ಬಿಡಲಿಲ್ಲ. ಆಮೇಲೆ ನಾನೇ ಸೆರಗಿನಿಂದ ಒರೆಸಿದೆ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರು ಆಪರೇಷನ್ನಿಗೆ ಯಾವಾಗ ಸೇರುತ್ತೀರಿ ಅಂತ ಎಂದಿನ ಹಾಗೆ ನನ್ನನ್ನೇ ಕೇಳಿದರು. ಅಪ್ಪ ಕೈ ಮಡಚಿ ಕೂತಿದ್ದರು. ಸ್ಲೇಟು ಹೊರಗೆ ತೆಗೆಯಲೇ ಇಲ್ಲ. ನನ್ನನ್ನು ನೋಡಿದರು. ಗುಬ್ಬೀ, ನಿನ್ನನ್ನು ಹೆರುವಾಗಲೂ ನನಗೆ ಅಷ್ಟು ಕಷ್ಟವಾಗಿರಲಿಲ್ಲ.  ಅವರಿಗೆ ಬೇಡವಂತೆ ಅನ್ನಲು ಹೊರಟೆ. ಬೇಡವಂತೆ ಅಂದರೆ ಅದು ಬೇರೆಯವರ ಸುದ್ದಿ ಹೇಳಿದ ಹಾಗೆ. ಅದನ್ನು ನುಂಗಿಕೊಂಡು, ಬೇಡ ಡಾಕ್ಟ್ರೇ ಅಂದೆ. ನೋವಿಗೆ ಔಷಧಿ ಕೊಡಿ, ಮನೆಯಲ್ಲೇ ಇರುತ್ತೇವೆ ಅಂದೆ. ಯೋಚನೆ ಮಾಡಿದ್ದೀರಾ ಅಂತ ಕೇಳಿದರು. ಮಾಡಿದ್ದೇವೆ ಅಂದೆ. ಅಪ್ಪ ಮೇಜಿನ ಕೆಳಗೆ ನನ್ನ ಮಂಡಿಯ ಮೇಲೆ ಕೈ ಇಟ್ಟರು.

ಹೊರಗೆ ಬಂದಮೇಲೆ ಅವರು ಹಗುರವಾಗಿ ನಡೆಯುತ್ತಿದ್ದರು. ನನಗೆ ಮೆಟ್ಟಿಲು ಇಳಿಯಲು ಆಗಲಿಲ್ಲ.

ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ನಿನ್ನನ್ನು ಒಂದು ಮಾತು ಕೇಳಬೇಕಿತ್ತು, ನಿನಗೂ ಹಕ್ಕಿತ್ತು. ಈ ಸ್ಥಿತಿಯಲ್ಲಿ ನಿನಗೆ ಹೇಳಬಾರದು ಅಂತ ಅಪ್ಪ ನನ್ನಿಂದ ಭಾಷೆ ತೆಗೆದುಕೊಂಡಿದ್ದರು. ಆ ಭಾಷೆಯನ್ನು ಈಗ ಮುರಿಯುತ್ತಿದ್ದೇನೆ. ಆಮೇಲೆ ಗೊತ್ತಾದರೆ ನೀನು ನನ್ನನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಬೈಯುವುದಿದ್ದರೆ ಬೈ, ಆದರೆ ಫೋನಿನಲ್ಲಿ ಬೇಡ, ಕಾಗದದಲ್ಲಿ ಬೈ. ಅಂಗಡಿಯ ವಿಳಾಸಕ್ಕೆ ಹಾಕು.

ಓದಿದ ಕೂಡಲೇ ನೀನು ಪೆಟ್ಟಿಗೆ ಕಟ್ಟಲು ಹೊರಡುತ್ತೀಯ ಅಂತ ನನಗೆ ಗೊತ್ತು. ನೀನು ಬರಬೇಡ. ಅಷ್ಟು ದೂರದ ಪ್ರಯಾಣದಲ್ಲಿ ಮಗುವಿಗೆ ಏನಾದರೂ ಆದರೆ ಈ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ನೀನು ಬಂದು ಮಾಡಬೇಕಾದ್ದೂ ಇಲ್ಲಿ ಏನಿಲ್ಲ. ಹಾಲು, ಸೂಪು ಇಷ್ಟಿಷ್ಟೇ ಇಳಿಯುತ್ತಿದೆ. ಔಷಧಿ ಕೊಟ್ಟರೆ ನಿದ್ದೆ ಬರುತ್ತದೆ. ನೀನು ಸಂಜೆ ಫೋನಿನಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಮಾತಾಡು, ಏನಾದರೂ ಮಾತಾಡು, ಅವರು ಕೇಳುತ್ತಿರುತ್ತಾರೆ.

ಗಿರಾಕಿ ಬಂದರು, ಇಲ್ಲಿಗೆ ನಿಲ್ಲಿಸುತ್ತೇನೆ. ಧೈರ್ಯವಾಗಿರು ಅಂತ ಬರೆಯಬೇಕು. ನನಗೇ ಇಲ್ಲದ್ದನ್ನು ನಿನಗೆಲ್ಲಿಂದ ಕೊಡಲಿ?

ನಿನ್ನ
ಅಮ್ಮ

ಆಮೇಲೆ ಸೇರಿಸಿದ್ದು: ಗಿರಾಕಿಯ ಕಂಬಳಿ ತರಲು ಒಳಗೆ ಹೋಗಿದ್ದೆ. ಹೊರಗೆ ಬಂದರೆ ಅಪ್ಪ ನನ್ನ ಊಟದ ಡಬ್ಬಿ ಹಿಡಿದುಕೊಂಡು ಕೌಂಟರಿನ ಆಚೆ ನಿಂತಿದ್ದರು. ಕಾಗದ ಅವರ ಕೈಯಲ್ಲಿತ್ತು. ಪೂರ್ತಿ ಓದಿದ್ದರು. ಸಿಟ್ಟು ಮಾಡುತ್ತಾರೆ ಅಂದುಕೊಂಡೆ, ಮಾಡಲಿಲ್ಲ. ಸನ್ನೆ ಮಾಡಿ ಪೆನ್ನು ಕೇಳಿದರು, ಒಂದು ಮಾತಿನ ಮೇಲೆ ಗೀಟು ಎಳೆದು ಹೊಡೆದುಹಾಕಿದರು, ಕಾಗದ ಮಡಚಿಟ್ಟು ಹೊರಟುಹೋದರು. ಮೇಲೆ 'ನೀನು ಬರಬೇಡ' ಅಂತ ಬರೆದ ಕಡೆ ನೋಡು. ಆ ಗೀಟು ನನ್ನದಲ್ಲ. ನೀನು ಏಳುವ ಹಾಗಿಲ್ಲ ಅಂತ ಅವರಿಗೂ ಗೊತ್ತು. ಆ ಮಾತನ್ನು ಮತ್ತೆ ಬರೆಯೋಣ ಅಂತ ಪೆನ್ನು ಹಿಡಿದೆ. ನನ್ನಿಂದ ಆಗಲಿಲ್ಲ, ಮಗಳೇ.